ತತ್ತ್ವದ ಬೆಲೆಯನ್ನು ತೆರುವವರು ಯಾರು?

(ಚಿಕ್ಕನರಗುಂದದ ಸಭೆಯಲ್ಲಿ ಮಾಡಿದ ಭಾಷಣ)



'ತತ್ತ್ವನಿಷ್ಠ ಜೀವನ' ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದು ತಾವು ನಮಗೆ ಅಪ್ಪಣೆ ಮಾಡಿದಿರಿ. ಅದನ್ನು ಶಿರಸಾವಹಿಸಿ ಬಂದಿದ್ದೇವೆ. ಆದರೆ ಬರುವ ಹಾದಿಯುದ್ದಕ್ಕೂ ಒಂದು ಸಂಕೋಚವು ನಮ್ಮನ್ನು ಬಿಡಲಿಲ್ಲ. ವೃತ್ತಿಯಿಂದ ನಾವು ವಕೀಲರು. ಹಣ ಕೊಟ್ಟವರ ಪಕ್ಷವನ್ನು ಹಿಡಿದು ಮಾತನಾಡುವದೇ ನಮ್ಮ ಕಸಬು. ಅಂಥವರು ತತ್ತ್ವದ ಉಪದೇಶಕ್ಕೆ ನಿಂತರೆ, ಪುರಾಣ ಹೇಳುವದಕ್ಕೆ, ಬದನೆಕಾಯಿ ತಿನ್ನುವದಕ್ಕೆ ಎಂಬ ಗಾದೆಯು ಕೇಳುವವರ ನೆನಪಿಗೆ ಬಾರದೆ ಇರದು. ಆದ್ದರಿಂದ ಉಪದೇಶದ ಗೋಜಿಗೆ ನಾವು ಹೋಗುವದಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಮುಂದಿಟ್ಟುಕೊಂಡು, ಅದಕ್ಕೆ ಈ ನೆಲದ ಚರಿತ್ರೆಯು ಏನು ಉತ್ತರ ಕೊಡುವದೋ ನೋಡೋಣ. ತತ್ತ್ವಕ್ಕೆ ಬೆಲೆಯುಂಟೆಂಬುದು ಎಲ್ಲರೂ ಬಲ್ಲ ಮಾತು. ಆ ಬೆಲೆಯನ್ನು ತೆರುವವರು ಯಾರು? ಇದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳುವದಕ್ಕೆ ಚಿಕ್ಕನರಗುಂದಕ್ಕಿಂತ ಯೋಗ್ಯವಾದ ಊರು ನಮಗೆ ತೋರಲಿಲ್ಲ. ನರಗುಂದ ಪಟ್ಟಣದಲ್ಲಿ ಒಂದು ವೀರಗಲ್ಲು ನಿಂತಿರುವದು. ಕನ್ನಡ ನಾಡಿನ ಹಳೆಯ ವೀರಗಲ್ಲುಗಳು ತುರುಗಳನ್ನು ಕಾಯುತ್ತ, ಊರನ್ನು ಕಾಯುತ್ತ ಮಡಿದವರ ನೆನಪಿಗೆ ನಿಂತವು. ಈ ಕಲ್ಲಾದರೋ ನಮ್ಮ ಹಿರಿಯರಲ್ಲಿ ಅನೇಕರು ಕಣ್ಣಾರೆ ಕಂಡ ದಿನದ್ದು. 1980ನೆಯ ಇಸವಿಯ ಜುಲೈ 21ರಂದು ಪೋಲೀಸರ ಗುಂಡಿಗೆ ಬಲಿಯಾದ ರೈತನ ಸ್ಮಾರಕವದು. ಆ ರೈತರು ತಮ್ಮ ಊರಿನ ವೀರಪ್ಪ ಕಡ್ಲಿಕೊಪ್ಪ ಅವರು. ಅದೇ ದಿನ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿಯವರೂ ಗುಂಡಿಗೆ ಎದೆಗೊಟ್ಟರು. ಪ್ರತಿ ವರ್ಷ ಆ ತಾರೀಖಿಗೆ ನಾಡಿನ ರೈತರು ಬಂದು ಆ ಕಲ್ಲಿಗೆ ಹೂವೇರಿಸುತ್ತಾರೆ.

ಅಂದು ನಡೆದುದೇನೆಂಬುದನ್ನು ಈ ಸಭೆಯಲ್ಲಿರುವ ತರುಣರಿಗಾಗಿ ಸಂಕ್ಷೇಪವಾಗಿ ಹೇಳಬೇಕು. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ಈ ಎರೆಭೂಮಿಗೆ ಕಾಲುವೆಯ ನೀರನ್ನು ತಂದರು. ಮಳೆಯನ್ನೇ ನೆಚ್ಚಿ ಜೋಳ, ಹತ್ತಿ, ಕಡಲೆ ಬೆಳೆಯುತ್ತಿದ್ದ ನಾಡಿಗೆ ಅದು ದೊಡ್ಡ ಭಾಗ್ಯವೆಂದು ಎಲ್ಲರೂ ನಂಬಿದರು. ನೀರಾವರಿಯಿಂದ ಭೂಮಿಯ ಬೆಲೆ ಏರುವದು. ಏರಿದ ಬೆಲೆಯಲ್ಲಿ ಸರಕಾರಕ್ಕೂ ಪಾಲು ಸಲ್ಲಬೇಕು. ಹೀಗೆಂದು ಸರಕಾರವು ನೀರಿನ ಕರದ ಮೇಲೆ ಅಭಿವೃದ್ಧಿ ಕರವನ್ನೂ ಹೇರಿತು. ಕಾಯಿದೆಯ ದೃಷ್ಟಿಯಿಂದ ನೋಡಿದರೆ ಆ ವಾದವು ಕೇವಲ ಅನ್ಯಾಯದ್ದಲ್ಲ. ಲಾಭ ಪಡೆದವನು ವೆಚ್ಚದಲ್ಲಿ ಪಾಲುಗೊಳ್ಳಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರೇ ಮುಟ್ಟಲಿಲ್ಲ. ಮುಟ್ಟಿದ ಎಷ್ಟೋ ಹೊಲಗಳಲ್ಲಿ ಎರೆಮಣ್ಣು ನೀರು ಹಿಡಿದು ಸವಳು-ಜವಳಾಯಿತು. ಹತ್ತಿಯ ಧಾರಣೆಯು ಕುಸಿಯಿತು. ಲಾಭವು ಕಾಗದದ ಮೇಲೆ ಉಳಿದು, ಕರವು ಮಾತ್ರ ಬಾಗಿಲಿಗೆ ಬಂದಿತು.

ಆಗ ನರಗುಂದ, ನವಲಗುಂದ, ಸವದತ್ತಿ ತಾಲೂಕುಗಳ ರೈತರು ಸಮನ್ವಯ ಸಮಿತಿಯೊಂದನ್ನು ಕಟ್ಟಿಕೊಂಡು, ಮನವಿ ಬರೆದರು, ಸಭೆ ಕೂಡಿದರು, ಕಚೇರಿಗಳ ಮುಂದೆ ಸತ್ಯಾಗ್ರಹಕ್ಕೆ ಕುಳಿತರು. ಬಾರದ ನೀರಿಗೆ ಕರ ಕೊಡಲಾರೆವೆಂಬುದು ಅವರ ವಾದದ ತಿರುಳು. ಇದರಲ್ಲಿ ಕರವನ್ನು ತಪ್ಪಿಸಿಕೊಳ್ಳುವವನ ಜಾಣತನವಿರಲಿಲ್ಲ. ತಪ್ಪಿಸಿಕೊಳ್ಳುವವನು ಅಡಗುತ್ತಾನೆ, ಸುಳ್ಳು ಲೆಕ್ಕ ಬರೆಯುತ್ತಾನೆ, ಕಾರಕೂನನ ಕೈ ಬೆಚ್ಚಗೆ ಮಾಡುತ್ತಾನೆ. ಇವರಾದರೋ ಹಾಡಹಗಲು ಕಚೇರಿಯ ಮುಂದೆ ಕುಳಿತು, ನಾವು ಕೊಡುವದಿಲ್ಲ, ಏನು ಶಿಕ್ಷೆಯೋ ಅದನ್ನು ವಿಧಿಸಿರಿ ಎಂದರು. ತನ್ನ ಹೆಸರನ್ನು ಮರೆಸದೆ, ತನ್ನ ಜಪ್ತಿಗೆ ತಾನೇ ಸಿದ್ಧನಾಗಿ, ಇಲ್ಲವೆನ್ನುವದು ಯಾವದೋ ಅದೇ ತತ್ತ್ವನಿಷ್ಠೆ. ವೀರಪ್ಪನವರು ಆ ನಿಷ್ಠೆಗೆ ಪ್ರಾಣವನ್ನೇ ಬೆಲೆಯಾಗಿ ತೆತ್ತರು. ಆ ಬೆಲೆಯಿಂದ ನಾಡು ಎಚ್ಚತ್ತಿತು. ಗುಂಡೂರಾಯರ ಸರಕಾರವು ರೈತರಿಗೆ ಹಲವು ರಿಯಾಯಿತಿಗಳನ್ನು ಸಾರಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿತು. 1983ರ ಜನವರಿಯಲ್ಲಿ ಆ ಸರಕಾರವೂ ಚುನಾವಣೆಯಲ್ಲಿ ಸೋತು ಇಳಿಯಿತು.

ಇಷ್ಟು ಹೇಳಿ ಕುಳಿತರೆ ತಾವು ಚಪ್ಪಾಳೆ ತಟ್ಟುವಿರಿ. ನಾವೂ ಸುಖವಾಗಿ ಮನೆಗೆ ಮರಳಬಹುದು. ಆದರೆ ತತ್ತ್ವವನ್ನು ಕುರಿತು ಮಾತನಾಡಲು ಬಂದು, ಅತ್ಯಂತ ಕಠಿಣವಾದ ಮಾತನ್ನೇ ನುಂಗಿಕೊಂಡು ಹೋಗುವದು ನಮಗೆ ಸರಿದೋರುವದಿಲ್ಲ. ತಾವು ಕ್ಷಮೆಯಿಂದ ಕೇಳಬೇಕು.

ಆ ಜುಲೈ 21ರಂದು ನರಗುಂದದಲ್ಲಿ ಸತ್ತವರು ವೀರಪ್ಪನವರೊಬ್ಬರೇ ಅಲ್ಲ. ಕೆರಳಿದ ಗುಂಪಿನ ಕೈಯಿಂದ ಪೋಲೀಸ ಇಲಾಖೆಯವರೂ ಹತರಾದರು. ಅವರಿಗೂ ಹೆಂಡಿರು ಮಕ್ಕಳಿದ್ದರು. ಅವರಲ್ಲಿ ಯಾರೂ ಅಭಿವೃದ್ಧಿ ಕರವನ್ನು ವಿಧಿಸಿದವರಲ್ಲ. ಸಂಬಳಕ್ಕೆ ನಿಂತ, ನಮ್ಮ ನಿಮ್ಮಂಥ ಮನೆಗಳಿಂದಲೇ ಹೋದ ಮಕ್ಕಳು. ಗುಂಡು ಹಾರಿದುದರಿಂದ ಜನ ಕೆರಳಿದರೋ, ಜನ ಕೆರಳಿದುದರಿಂದ ಗುಂಡು ಹಾರಿತೋ, ಈ ವಾದವನ್ನು ನಾವು ಇಲ್ಲಿ ನಡೆಸುವದಿಲ್ಲ. ಅದು ನ್ಯಾಯಾಲಯದ ವಿಷಯ. ನಮ್ಮ ವಿಷಯವು ಇಷ್ಟೇ: ನಮ್ಮ ಹಕ್ಕಿಗಾಗಿ ನಾವು ಹಿಡಿದ ತತ್ತ್ವದ ಬೆಲೆಯನ್ನು ಆ ಕ್ಷಣದಲ್ಲಿ ನಾವು ಇನ್ನೊಬ್ಬರಿಂದ ತೆಗೆದುಕೊಂಡೆವು. ವೀರಪ್ಪನವರು ತೆತ್ತ ಬೆಲೆಯು ಅವರದೇ. ಆ ಪೋಲೀಸರಿಂದ ತೆಗೆದುಕೊಂಡ ಬೆಲೆಯು ನಮ್ಮದಲ್ಲ. ಮೊದಲನೆಯದರಿಂದ ರೈತರ ಪಕ್ಷವು ಗಟ್ಟಿಯಾಯಿತು. ಎರಡನೆಯದು ಆ ಪಕ್ಷಕ್ಕೆ ಇಂದಿಗೂ ಹೊರೆಯಾಗಿದೆ. ವೀರಗಲ್ಲಿಗೆ ಹೂವೇರಿಸುವ ದಿನ ಆ ಮನೆಗಳನ್ನೂ ಒಂದು ಕ್ಷಣ ನೆನೆದರೆ ವೀರಪ್ಪನವರ ಕೀರ್ತಿಗೆ ಕುಂದು ಬರುವದೆಂದು ನಮಗೆ ತೋರುವದಿಲ್ಲ. ಅದರಿಂದ ಆ ಕೀರ್ತಿಯು ಇನ್ನೂ ಬೆಳಗೀತು.

ಈ ತೊಡಕು ಈ ನೆಲಕ್ಕೆ ಹೊಸದೂ ಅಲ್ಲ. ನರಗುಂದದ ಬಂಡಾಯವೆಂದರೆ ಎರಡುಂಟು. ಮೊದಲನೆಯದು 1858ರದು. ದತ್ತಕಕ್ಕೆ ಆಂಗ್ಲರು ಒಪ್ಪಿಗೆಯನ್ನು ಕೊಡದೆ, ಆಯುಧಗಳನ್ನೂ ಒಪ್ಪಿಸೆಂದಾಗ, ಸಂಸ್ಥಾನಿಕ ಬಾಬಾಸಾಹೇಬ ಭಾವೆಯವರು ಆ ಅನ್ಯಾಯಕ್ಕೆ ತಲೆಬಾಗಲಿಲ್ಲ. ಅದೇ ವರ್ಷದ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಅವರ ಕೆಚ್ಚಿಗೆ ನಮ್ಮ ನಮಸ್ಕಾರ. ಆದರೆ ಅದಕ್ಕೆ ಮೊದಲು, ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಆಂಗ್ಲ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದು, ಅವನ ರುಂಡವನ್ನು ನರಗುಂದದ ಅಗಸೆಗೆ ತೂಗಹಾಕಿದ ಸಂಗತಿಯನ್ನು ನಾವು ಚಿಕ್ಕಂದಿನಲ್ಲಿ ಬಹು ಹೆಮ್ಮೆಯಿಂದ ಕೇಳಿದೆವು. ಇಂದು ಆ ಹೆಮ್ಮೆಯನ್ನು ಸ್ವಲ್ಪ ಬಿಡಿಸಿ ನೋಡಬೇಕೆನಿಸುವದು. ಗಲ್ಲಿನ ಮೇಲೆ ನಿಂತ ಬಾಬಾಸಾಹೇಬರು ತಮ್ಮ ಬೆಲೆಯನ್ನು ತಾವೇ ತೆತ್ತ ಮನುಷ್ಯರು. ಅಗಸೆಗೆ ತೂಗಿದ ರುಂಡವು ಏನನ್ನು ಸಾಧಿಸಿತು? ನಾಲ್ಕೈದು ದಿನಗಳೊಳಗೆ ನರಗುಂದವು ಬಿದ್ದಿತು. ಆ ಕಾಲದ ಯುದ್ಧಧರ್ಮವೇ ಬೇರೆ, ಅದನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದೆಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆ. ಆದರೆ ನಮ್ಮ ಮಕ್ಕಳಿಗೆ ಯಾವದನ್ನು ಮಾದರಿಯೆಂದು ಕಲಿಸಬೇಕು, ಗಲ್ಲನ್ನೋ ಅಗಸೆಯನ್ನೋ, ಎಂಬುದನ್ನು ಆರಿಸುವ ಹೊಣೆ ಇಂದಿನವರಾದ ನಮ್ಮದೇ.

ಈ ಹೊಣೆಯ ಭಾರವನ್ನು ಗಾಂಧೀಜಿಯವರಷ್ಟು ಕಟುವಾಗಿ ಅನುಭವಿಸಿದವರು ವಿರಳ. 1922ರ ಫೆಬ್ರುವರಿಯಲ್ಲಿ ದೇಶವೆಲ್ಲ ಅಸಹಕಾರದಿಂದ ಎದ್ದು ನಿಂತಿತ್ತು. ಬಾರ್ಡೋಲಿಯಲ್ಲಿ ಕರನಿರಾಕರಣೆಗೆ ಸಿದ್ಧತೆಯಾಗಿತ್ತು. ಆಗ ಸಂಯುಕ್ತ ಪ್ರಾಂತದ ಚೌರಿಚೌರಾ ಎಂಬಲ್ಲಿ ಗುಂಪು ಠಾಣೆಗೆ ಬೆಂಕಿಯಿಟ್ಟು 22 ಪೋಲೀಸರನ್ನು ಕೊಂದಿತು. ಅಲ್ಲಿಯೂ ಮೊದಲು ಗುಂಡು ಹಾರಿ ಜನ ಸತ್ತಿದ್ದರು. ಆದರೂ ಗಾಂಧೀಜಿಯವರು ಚಳುವಳಿಯನ್ನೇ ನಿಲ್ಲಿಸಿ, ಐದು ದಿನ ಉಪವಾಸ ಮಾಡಿದರು. ಅವರ ಆಪ್ತರೇ ಸಿಡಿಮಿಡಿಗೊಂಡರು. ಸೆರೆಮನೆಯಲ್ಲಿದ್ದ ನಾಯಕರು ನೊಂದುಕೊಂಡರು. ಗೆಲವು ಕೈಗೆ ಬಂದಿತ್ತೆಂದು ಜನ ಇಂದಿಗೂ ವಾದಿಸುವದುಂಟು. ರಾಜಕೀಯವಾಗಿ ಅದು ಸರಿಯೋ ತಪ್ಪೋ, ವಿದ್ವಾಂಸರು ನಿರ್ಣಯಿಸಲಿ. ನಾವು ಗಮನಿಸತಕ್ಕದ್ದು ಬೇರೆ. ಎದುರಾಳಿಯ ತಪ್ಪಿಗೆ ಎದುರಾಳಿಯನ್ನು ದಂಡಿಸುವದು ಲೋಕರೂಢಿ. ತನ್ನವರ ತಪ್ಪಿಗೆ ತನ್ನನ್ನೇ ದಂಡಿಸಿಕೊಂಡುದು ಅವರ ವಿಶೇಷ. ಮುಂದೆ 1925ರಲ್ಲಿ, ಗೆಳೆಯರೊಬ್ಬರು ಕಳಿಸಿದ ಏಳು ಸಾಮಾಜಿಕ ಪಾಪಗಳ ಯಾದಿಯನ್ನು ಅವರು ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಅಚ್ಚು ಮಾಡಿದರು. ಅದರಲ್ಲಿ ಮೊದಲನೆಯ ಪಾಪವು ತತ್ತ್ವವಿಲ್ಲದ ರಾಜಕಾರಣವೇ.

ಹೀಗೆ ನಡೆದುಕೊಳ್ಳುವದು ಮಹಾತ್ಮರಿಗೆ ಸಾಧ್ಯ, ನಮ್ಮಂಥ ಒಕ್ಕಲಿಗರಿಗೆ ಸಾಧ್ಯವೇ ಎಂದು ತಾವು ಕೇಳಬಹುದು. ಸಾಧ್ಯವೆಂಬುದಕ್ಕೆ ನಮ್ಮ ಕನ್ನಡ ರೈತರೇ ಸಾಕ್ಷಿ. 1930ರಲ್ಲಿಯೂ 1932ರಲ್ಲಿಯೂ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ, ಸಿದ್ದಾಪುರ ತಾಲೂಕುಗಳ ರೈತರು ಕರನಿರಾಕರಣೆ ಮಾಡಿದರು. ಸರಕಾರವು ಅವರ ಗದ್ದೆ ತೋಟಗಳನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು. ದನಕರುಗಳು ಹೋದವು, ಪಾತ್ರೆಪರಡಿಗಳು ಹೋದವು. ಗಂಡಸರು ಸೆರೆಮನೆಗೆ ಹೋದಾಗ ಹೆಂಗಸರು, ಜಪ್ತಿಯ ಭೂಮಿಯನ್ನು ಕೊಂಡವರ ಮನೆಗಳ ಮುಂದೆ ಸತ್ಯಾಗ್ರಹಕ್ಕೆ ಕುಳಿತರು. ಕೊಂಡವರಾದರೂ ನೆರೆಹೊರೆಯವರೇ. ಅವರ ಬಣವೆಗಳಿಗೆ ಕೊಳ್ಳಿಯಿಡುವದು ಸುಲಭವಿತ್ತು. ಹಸಿದು ಕುಳಿತುಕೊಳ್ಳುವದು ಕಠಿಣವಿತ್ತು. ಕಠಿಣವಾದುದನ್ನೇ ಅವರು ಆರಿಸಿಕೊಂಡರು. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ತರುವಾಯ ಆ ಭೂಮಿಗಳನ್ನು ಹಿಂದಿರುಗಿಸಿತು. ಆದರೆ ಹಿಂದಿರುಗಿ ಬರುವವೆಂಬ ಭರವಸೆಯು ಕೊಟ್ಟ ದಿನ ಯಾರಿಗೂ ಇರಲಿಲ್ಲ.

ಇನ್ನೂ ಹತ್ತಿರದ ಮಾತು ಬೇಕಾದರೆ ಇದೇ ಗದಗ ಜಿಲ್ಲೆಯಲ್ಲಿ ಉಂಟು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತಲಿನ ಭೂಮಿಯನ್ನು ಪೋಸ್ಕೋ ಉಕ್ಕಿನ ಕಾರಖಾನೆಗಾಗಿ ತೆಗೆದುಕೊಳ್ಳಲು ಹೊರಟಾಗ, ಗದಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಮುಂದೆ ನಿಂತರು. ಆ ಜುಲೈಯಲ್ಲಿಯೇ ಸರಕಾರವು ಯೋಜನೆಯನ್ನು ಕೈಬಿಟ್ಟಿತು. ಅಲ್ಲಿ ವೀರಗಲ್ಲು ನಿಲ್ಲಿಸುವ ಪ್ರಸಂಗವೇ ಬರಲಿಲ್ಲ. ಇದು ನಾವು ಎಲ್ಲಕ್ಕೂ ಹೆಚ್ಚಾಗಿ ಸಂತೋಷಪಡತಕ್ಕ ಸಂಗತಿ.

ಪರರ ಕಥೆಗಳನ್ನು ಇಷ್ಟು ಹೇಳಿದ ಬಳಿಕ ನಮ್ಮ ಮಾತನ್ನೂ ಹೇಳದಿದ್ದರೆ ಆತ್ಮವಂಚನೆಯಾದೀತು.

ಕೆಲವು ವರ್ಷಗಳ ಹಿಂದೆ ನಾವು ಪಾಲಿನ ದಾವೆಯೊಂದನ್ನು ನಡೆಸಿದೆವು. ನಮ್ಮ ಪಕ್ಷಗಾರರು ಮನೆಯ ಹಿರಿಯರು. ಎದುರಿಗಿದ್ದವರು ಅವರ ತೀರಿಹೋದ ತಮ್ಮನ ಹೆಂಡತಿ. ಆ ತಾಯಿಯು ಪಾಲನ್ನು ಬಿಟ್ಟುಕೊಟ್ಟಳೆಂದು ಹೆಬ್ಬೆಟ್ಟು ಒತ್ತಿದ ಕಾಗದವೊಂದನ್ನು ನಮ್ಮ ಪಕ್ಷಗಾರರು ತಂದುಕೊಟ್ಟರು. ಕಾಗದವನ್ನು ಕಂಡೊಡನೆ ನಮಗೆ ಸಂಶಯ ಬಂದಿತು. ಆದರೆ ನಾವು ಕೇಳಲಿಲ್ಲ. ಕೇಳಿದರೆ ಉತ್ತರವನ್ನು ಕೇಳಬೇಕಾಗುವದು. ಕೇಳದಿದ್ದರೆ ಕೆಲಸ ಸಾಗುವದು. ಕೆಲಸ ಸಾಗಿತು. ದಾವೆಯನ್ನು ಗೆದ್ದೆವು. ಆ ಸಂಜೆ ಕೋರ್ಟಿನ ಪಡಸಾಲೆಯಲ್ಲಿ ಆ ತಾಯಿ ನಮ್ಮ ಹತ್ತಿರ ಬಂದಳು. ಶಪಿಸಲಿಲ್ಲ, ಅಳಲಿಲ್ಲ. "ವಕೀಲಸಾಹೇಬ್ರ, ಆ ಹೆಬ್ಬೆಟ್ಟು ನಂದಲ್ಲಂತ ನಿಮಗೂ ಗೊತ್ತಿತ್ತಲ್ರಿ?" ಎಂದು ಕೇಳಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕಾದು, ಹೋಗಿಬಿಟ್ಟಳು. ಮೇಲಿನ ಕೋರ್ಟಿಗೆ ಹೋಗುವ ಹಾದಿ ಇನ್ನೂ ತೆರೆದಿದೆಯೆಂದು ಹೇಳುವಷ್ಟು ಧೈರ್ಯವೂ ಅಂದು ನಮ್ಮ ಬಾಯಿಗೆ ಬರಲಿಲ್ಲ.

ಆ ದಿನದಿಂದ ಕಾಗದವನ್ನು ಕೇಳಿ ನೋಡದೆ ನಾವು ವಕಾಲತ್ತು ಹಿಡಿಯುವದಿಲ್ಲ. ಇದರಿಂದ ಕೆಲವು ಪಕ್ಷಗಾರರು ನಮ್ಮನ್ನು ಬಿಟ್ಟರು, ಗಳಿಕೆಯೂ ಕಡಿಮೆಯಾಯಿತು. ಇದನ್ನು ತ್ಯಾಗವೆಂದು ಹೇಳಿಕೊಳ್ಳುವ ಅಧಿಕಾರ ನಮಗಿಲ್ಲ. ಮಂಗಳೂರಿನಲ್ಲಿ ಕಾರ್ನಾಡ ಸದಾಶಿವರಾಯರೆಂಬ ವಕೀಲರಿದ್ದರು. ಸಿರಿವಂತರ ಮನೆಯಲ್ಲಿ ಹುಟ್ಟಿ, ವಕೀಲಿಯನ್ನೂ ಆಸ್ತಿಯನ್ನೂ ದೇಶಸೇವೆಗೆ ಸುರಿದು, 1937ರಲ್ಲಿ ಕೈಯಲ್ಲಿ ಏನೂ ಇಲ್ಲದವರಾಗಿ ತೀರಿಕೊಂಡರು. ಬೆಂಗಳೂರಿನ ಸದಾಶಿವನಗರವು ಅವರ ಹೆಸರಿನದೇ. ಆ ಬಡಾವಣೆಯಲ್ಲಿ ಇಂದು ಒಂದು ನಿವೇಶನ ಕೊಳ್ಳಬೇಕಾದರೆ ಕೋಟಿಗಟ್ಟಲೆ ಹಣ ಬೇಕು. ತ್ಯಾಗವೆಂಬ ಶಬ್ದವನ್ನು ಅಂಥವರಿಗಾಗಿ ಮೀಸಲಿಡೋಣ. ನಮ್ಮದು ತಡವಾಗಿ ತೀರಿಸಿದ ಸಾಲ, ಅದೂ ಪೂರ್ತಿಯಾಗಿ ತೀರದ ಸಾಲ.

ಆದರೆ ಆ ಪಡಸಾಲೆಯಲ್ಲಿ ನಮಗೊಂದು ಪಾಠವಾಯಿತು; ಇಂದಿನ ನಮ್ಮ ಪ್ರಶ್ನೆಗೆ ಉತ್ತರವೂ ಅದರಲ್ಲಿಯೇ ಇರುವದು. ತತ್ತ್ವಕ್ಕೆ ಬೆಲೆಯುಂಟೆಂದು ನಾವೆಲ್ಲ ಹೆದರುತ್ತೇವೆ. ತತ್ತ್ವವನ್ನು ಬಿಡುವದಕ್ಕೂ ಬೆಲೆಯುಂಟೆಂಬುದು ನಮಗೆ ಹೊಳೆಯುವದಿಲ್ಲ. ಹೊಳೆಯದಿರಲು ಕಾರಣವೇನೆಂದರೆ ಆ ಬೆಲೆಯು ನಮ್ಮ ಮನೆಯ ಲೆಕ್ಕಕ್ಕೆ ಬರುವದಿಲ್ಲ. ತತ್ತ್ವವನ್ನು ಹಿಡಿದವನು ತನ್ನ ಗಂಟಿನಿಂದ ಕೊಡುತ್ತಾನೆ; ಬಿಟ್ಟವನ ಸಾಲವನ್ನು ಅವನಿಗಿಂತ ದುರ್ಬಲರು ತೀರಿಸುತ್ತಾರೆ. ನಾವು ಕೇಳದೆ ಬಿಟ್ಟ ಪ್ರಶ್ನೆಯ ಬೆಲೆಯನ್ನು ಆ ತಾಯಿಯು ತನ್ನ ಎರಡೆಕರೆಯಿಂದ ತೆತ್ತಳು.

ಈ ದೃಷ್ಟಿಯಿಂದ ನಮ್ಮ ಊರುಗಳನ್ನು ಒಮ್ಮೆ ನೋಡೋಣ. ಮಹಾದಾಯಿಯ ನೀರನ್ನು ಮಲಪ್ರಭೆಗೆ ತರಬೇಕೆಂದು 2015ರ ಜುಲೈಯಿಂದ ನರಗುಂದದಲ್ಲಿ ರೈತರು ಧರಣಿಗೆ ಕುಳಿತರು. ಅದು ವರ್ಷಗಳ ವರೆಗೆ ನಡೆಯಿತು. 2018ರ ಆಗಸ್ಟ್ 14ರಂದು ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿಕೊಟ್ಟಿತು. ಅದರಲ್ಲಿ ಕಳಸಾ, ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ಬರತಕ್ಕದ್ದು 3.90 ಟಿ.ಎಂ.ಸಿ. ನಮ್ಮ ಹಕ್ಕಿನ ನೀರನ್ನು ನಾವು ಕೇಳಲೇಬೇಕು. ಆದರೆ ಇಂದು ಕಾಲುವೆಯಲ್ಲಿ ಬರುವ ನೀರನ್ನಾದರೂ ನಾವು ಹೇಗೆ ಹಂಚಿಕೊಳ್ಳುತ್ತಿದ್ದೇವೆ? ಕಾಲುವೆಯ ಮೇಲಣ ರೈತನು ರಾತ್ರಿ ತೂಬನ್ನು ಕಿತ್ತು, ಪಾಳಿಯನ್ನು ಮೀರಿ, ಪಂಪನ್ನು ಹಚ್ಚಿ ನೀರೆತ್ತುತ್ತಾನೆ. ಕೊನೆಯ ಹೊಲದವನು ಒಣಗಿದ ಕಾಲುವೆಯಲ್ಲಿ ದನ ಮೇಯಿಸುತ್ತಾನೆ. 1980ರಲ್ಲಿ ವೀರಪ್ಪನವರು ಪ್ರಾಣ ಕೊಟ್ಟುದು ಯಾವ ವಾದಕ್ಕೆ? ಕೊನೆಯ ಹೊಲಕ್ಕೆ ನೀರು ಮುಟ್ಟಿಲ್ಲವೆಂಬ ವಾದಕ್ಕೆ. ಅಂದು ಆ ಅನ್ಯಾಯದ ಆರೋಪಿಯು ಸರಕಾರ. ಇಂದು ಆ ಕಟಕಟೆಯಲ್ಲಿ ನಿಲ್ಲತಕ್ಕವರು ಯಾರು? ಜುಲೈ 21ರ ಹಗಲು ವೀರಗಲ್ಲಿಗೆ ಹೂವೇರಿಸಿ, ಅದೇ ರಾತ್ರಿ ತೂಬಿಗೆ ಕೈ ಹಾಕಿದರೆ, ಆ ಹೂವು ಯಾರಿಗೆ ಸಂದೀತು?

ಚುನಾವಣೆಯ ಮಾತೂ ಇದೇ. ಮತದ ಹಿಂದಿನ ರಾತ್ರಿ ಮನೆಗೆ ಬರುವ ನೋಟನ್ನು ನಮ್ಮದೇ ಹಣವೆಂದು ನಾವು ನಗುತ್ತ ತೆಗೆದುಕೊಳ್ಳುತ್ತೇವೆ. ಕೊಟ್ಟವನು ಅದನ್ನು ಐದು ವರ್ಷ ಎತ್ತಿಕೊಳ್ಳುತ್ತಾನೆ: ಶಾಲೆಯ ಛಾವಣಿಯಿಂದ, ರಸ್ತೆಯ ಡಾಂಬರಿನಿಂದ, ಮುದುಕಿಯ ಪಿಂಚಣಿಯಿಂದ. ಅಲ್ಲಿಯೂ ತೆರುವವರು ತೆಗೆದುಕೊಂಡವರಲ್ಲ; ಮತವಿಲ್ಲದ ಮಕ್ಕಳು, ಬಾಯಿಲ್ಲದ ಮುದುಕರು.

ಮಹಾಶಯರೇ, ನಾವು ತಮ್ಮಿಂದ ಗುಂಡಿಗೆ ಎದೆಗೊಡುವ ಶೌರ್ಯವನ್ನು ಬೇಡುವದಿಲ್ಲ. ಅಂಥ ದಿನವು ಯಾವ ಊರಿಗೂ ಮತ್ತೆ ಬಾರದಿರಲಿ. ಬೇಡುವದು ಬಹಳ ಚಿಕ್ಕದು. ತಮ್ಮ ಊರಿನ ರೈತರೆಲ್ಲ ಒಂದು ದಿನ ಕಾಲುವೆಯ ಮೇಲೆ ಕೂಡಿ, ಪಾಳಿಯನ್ನು ಕೊನೆಯ ಹೊಲದಿಂದ ಆರಂಭಿಸುವೆವೆಂದು ಗೊತ್ತುಮಾಡಿರಿ. ಮೊದಲ ಹೊಲದವನು ಎರಡು ದಿನ ಕಾಯಲಿ. ಆ ಎರಡು ದಿನಗಳಲ್ಲಿ ಅವನ ಬೆಳೆ ಸ್ವಲ್ಪ ಬಾಡೀತು. ಆ ಬಾಡಿದ ಎಲೆಯೇ ಅವನು ತೆತ್ತ ಬೆಲೆ. ಅದನ್ನು ಯಾವ ಪತ್ರಿಕೆಯೂ ಬರೆಯುವದಿಲ್ಲ, ಯಾವ ಕಲ್ಲಿನ ಮೇಲೂ ಕೆತ್ತುವದಿಲ್ಲ. ಕೊನೆಯ ಹೊಲದವನು ಮಾತ್ರ ಬಲ್ಲನು.

ವೀರಪ್ಪನವರ ಊರಿನ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತೆಂಬ ಸುದ್ದಿ ಬಂದ ದಿನ ನಾವು ಮತ್ತೊಮ್ಮೆ ಇಲ್ಲಿಗೆ ಬಂದು, ಆ ಬದುವಿನ ಮೇಲೆ ತಮ್ಮೊಡನೆ ಕುಳಿತು ರೊಟ್ಟಿ ತಿನ್ನುವೆವು. ಅಂದು ಭಾಷಣವು ಬೇಕಾಗಲಿಕ್ಕಿಲ್ಲ.